ಅಧ್ಯಕ್ಷರು ಯಾರಿಗೆ ಉತ್ತರ ಕೊಡಬೇಕು? ಒರೆಗಾನ್‌ನ ಒಂದು ಕರಾರಿನ ಕಥೆ

2011ರ ನವೆಂಬರ್ 28, ಸೋಮವಾರ. ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದ ಉನ್ನತ ಶಿಕ್ಷಣ ಮಂಡಳಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸಭೆ ಸೇರಿತು. ಒರೆಗಾನ್ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಲಾರಿವಿಯೆರ್ ಅವರ ಭವಿಷ್ಯ ಅಂದು ತೀರ್ಮಾನವಾಗಬೇಕಿತ್ತು. ಡೀನ್‌ಗಳು ಅವರ ಪರವಾಗಿ ಪತ್ರ ಬರೆದಿದ್ದರು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಮನವಿಗೆ ಸಹಿ ಹಾಕಿದ್ದರು. ಲಾರಿವಿಯೆರ್ ಸದಾ ಫೆಡೋರಾ ಟೋಪಿ ಧರಿಸುತ್ತಿದ್ದವರು. ಬೆಂಬಲಕ್ಕೆ ಬಂದವರೂ ಅದೇ ಬಗೆಯ ಟೋಪಿ ಹಾಕಿಕೊಂಡು ಸಭಾಂಗಣದಲ್ಲಿ ಕುಳಿತಿದ್ದರು. ಮಂಡಳಿ ಎಲ್ಲರ ಮಾತನ್ನೂ ಕೇಳಿತು. ಆನಂತರ ಒಂದೇ ಒಂದು ವಿರೋಧದ ಮತವೂ ಇಲ್ಲದೆ ಅವರನ್ನು ವಜಾ ಮಾಡಿತು.

ಕ್ಯಾಂಪಸ್ಸಿನಲ್ಲಿ ಇಷ್ಟು ಜನರಿಗೆ ಬೇಕಾಗಿದ್ದವರು ಮಂಡಳಿಯಲ್ಲಿ ಒಬ್ಬರಿಗೂ ಬೇಡವಾದದ್ದು ಹೇಗೆ? ಕೆಟ್ಟ ಮಂಡಳಿ, ಒಳ್ಳೆಯ ಅಧ್ಯಕ್ಷ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ವಿಶ್ವವಿದ್ಯಾಲಯದ ಮುಖ್ಯಸ್ಥರ ಕರಾರು ನವೀಕರಣ ಎಂಬ ನೀರಸವಾಗಿ ಕಾಣುವ ಕಾಗದದ ಕೆಲಸದೊಳಗೆ ಎಷ್ಟು ಅಧಿಕಾರ ಅಡಗಿದೆ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ನನಗೆ ಗೊತ್ತಿಲ್ಲ. ಅದಕ್ಕಾಗಿ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲಿಗೆ ವ್ಯವಸ್ಥೆ. ಕರ್ನಾಟಕದಲ್ಲಿ ಕುಲಪತಿಗಳ ನೇಮಕ ನಡೆಯುವ ಬಗೆ ನಮಗೆ ಗೊತ್ತಿರುವಂಥದ್ದೇ. ಶೋಧನಾ ಸಮಿತಿ ಹೆಸರುಗಳನ್ನು ಸೂಚಿಸುತ್ತದೆ. ಕುಲಾಧಿಪತಿಗಳಾದ ರಾಜ್ಯಪಾಲರು ಸರ್ಕಾರದ ಸಮ್ಮತಿಯೊಂದಿಗೆ ಒಬ್ಬರನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ ಎಂದು ಕಾಯ್ದೆಯೇ ಹೇಳುತ್ತದೆ. ಸಿಂಡಿಕೇಟ್ ಸದಸ್ಯರಿಗೆ ಕುಲಪತಿಗಳ ಮೇಲೆ ಎಷ್ಟೇ ಸಿಟ್ಟಿದ್ದರೂ ಅವರನ್ನು ತೆಗೆದುಹಾಕುವ ಅಧಿಕಾರ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನೇಮಿಸುವುದು, ಸಂಬಳ ನಿಗದಿ ಮಾಡುವುದು, ವರ್ಷವರ್ಷ ಮೌಲ್ಯಮಾಪನ ನಡೆಸುವುದು, ಬೇಡವಾದಾಗ ಕಳುಹಿಸಿಬಿಡುವುದು, ಎಲ್ಲವೂ ಆಡಳಿತ ಮಂಡಳಿಯ ಕೈಯಲ್ಲಿ. ಅವಧಿಯನ್ನು ನಿರ್ಧರಿಸುವುದು ಕಾಯ್ದೆಯಲ್ಲ, ಇಬ್ಬರ ನಡುವಿನ ಕರಾರು. ಸರ್ಕಾರಿ ವಿಶ್ವವಿದ್ಯಾಲಯಗಳ ಮಂಡಳಿ ಸದಸ್ಯರನ್ನು ಸಾಮಾನ್ಯವಾಗಿ ರಾಜ್ಯದ ಗವರ್ನರ್ ಹೆಸರಿಸುತ್ತಾರೆ. ನಮ್ಮ ರಾಜ್ಯಪಾಲರಂತಲ್ಲ ಅವರು, ಜನರಿಂದ ಚುನಾಯಿತರಾದ, ನಮ್ಮ ಮುಖ್ಯಮಂತ್ರಿಗಳ ಸ್ಥಾನಕ್ಕೆ ಸಮನಾದ ರಾಜಕಾರಣಿ. ಹೀಗಾಗಿ ಮಂಡಳಿಯ ಮೂಲಕ ರಾಜಕೀಯದ ಗಾಳಿ ವಿಶ್ವವಿದ್ಯಾಲಯದ ಕಚೇರಿಯವರೆಗೆ ನೇರವಾಗಿ ಬೀಸುತ್ತದೆ.

ಒರೆಗಾನ್‌ನಲ್ಲಿ ಆಗ ಇನ್ನೊಂದು ತೊಡಕಿತ್ತು. ರಾಜ್ಯದ ಏಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಸೇರಿ ಒಂದೇ ಮಂಡಳಿ. 1929ರಿಂದ ನಡೆದುಬಂದ ವ್ಯವಸ್ಥೆ ಅದು. ಮಂಡಳಿಯ ಕೆಳಗೆ ಒಬ್ಬ ಚಾನ್ಸಲರ್ (ನಮ್ಮ ಕುಲಾಧಿಪತಿಗಳಂತಲ್ಲ, ಇಡೀ ವ್ಯವಸ್ಥೆಯ ಮುಖ್ಯ ಆಡಳಿತಾಧಿಕಾರಿ), ಅವರ ಕೆಳಗೆ ಏಳು ಜನ ಅಧ್ಯಕ್ಷರು. ಆ ಏಳರಲ್ಲಿ ಯೂಜೀನ್ ಪಟ್ಟಣದ ಒರೆಗಾನ್ ವಿಶ್ವವಿದ್ಯಾಲಯ ಒಂದೇ ದೇಶದ ಮುಂಚೂಣಿ ಸಂಶೋಧನಾ ವಿಶ್ವವಿದ್ಯಾಲಯಗಳ ಒಕ್ಕೂಟದ ಸದಸ್ಯ. ಅದರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರದ ಪಾಲು ಇಳಿಯುತ್ತ ಇಳಿಯುತ್ತ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು. ಹಣ ಕೊಡುವುದು ಬಹುಪಾಲು ವಿದ್ಯಾರ್ಥಿಗಳ ಶುಲ್ಕ ಮತ್ತು ದಾನಿಗಳು. ಹುಕುಂ ಹೊರಡುವುದು ಮಾತ್ರ ರಾಜ್ಯದಿಂದ. ಜಗಳದ ಬೀಜ ಬಿದ್ದದ್ದು ಇಲ್ಲಿ.

ಲಾರಿವಿಯೆರ್ ಅವರ ಹಿನ್ನೆಲೆ ಕನ್ನಡ ಓದುಗರಿಗೆ ಆಸಕ್ತಿ ಹುಟ್ಟಿಸುವಂಥದ್ದು. ಅವರು ಸಂಸ್ಕೃತ ವಿದ್ವಾಂಸರು, ಧರ್ಮಶಾಸ್ತ್ರ ಅವರ ಕ್ಷೇತ್ರ. ನಾರದಸ್ಮೃತಿಯ ಹಸ್ತಪ್ರತಿಗಳನ್ನು ಹೋಲಿಸಿ ಅವರು ಸಂಪಾದಿಸಿದ ಪರಿಷ್ಕೃತ ಪಾಠ ಇಂಗ್ಲಿಷ್ ಅನುವಾದದೊಂದಿಗೆ 1989ರಲ್ಲಿ ಪ್ರಕಟವಾಯಿತು. ಮನುಸ್ಮೃತಿಯಂತೆ ಎಲ್ಲ ಆಚಾರಗಳನ್ನೂ ಹೇಳದೆ ನ್ಯಾಯದಾನ ಮತ್ತು ವ್ಯವಹಾರಕ್ಕೆ ಮಾತ್ರ ಮೀಸಲಾದ ಗ್ರಂಥ ಅದು. ಸಾಲ, ಠೇವಣಿ, ದುಡಿದವನಿಗೆ ಕೂಲಿ ಕೊಡದಿರುವುದು, ಸಂಘಗಳು ತಮ್ಮೊಳಗೆ ಮಾಡಿಕೊಂಡ ಕಟ್ಟುಪಾಡನ್ನು ಮುರಿಯುವುದು ಎಂದು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿ, ಕ್ಯಾನ್ಸಸ್‌ನಲ್ಲಿ ಪ್ರೊವೋಸ್ಟ್ (ಶೈಕ್ಷಣಿಕ ವಿಷಯಗಳ ಮುಖ್ಯಾಧಿಕಾರಿ) ಆಗಿ ಕೆಲಸ ಮಾಡಿ, 2009ರ ಜುಲೈನಲ್ಲಿ ಅವರು ಯೂಜೀನಿಗೆ ಅಧ್ಯಕ್ಷರಾಗಿ ಬಂದರು.

ಬಂದ ಮೊದಲ ವರ್ಷದಲ್ಲೇ ಕರಾರಿನ ಗಲಾಟೆಯೊಂದು ಎದುರಾಯಿತು. 2010ರ ಮಾರ್ಚ್‌ನಲ್ಲಿ ಕ್ರೀಡಾ ವಿಭಾಗದ ನಿರ್ದೇಶಕರು ಕೆಲಸ ಬಿಟ್ಟು ಹೊರಟರು. ಅವರಿಗೆ 23 ಲಕ್ಷ ಡಾಲರ್ ಕೊಡಬೇಕಾಯಿತು. ಒಪ್ಪಂದ ಎಲ್ಲಿದೆ ಎಂದು ಹುಡುಕಿದರೆ ಲಿಖಿತ ಕರಾರೇ ಇರಲಿಲ್ಲ, ಎಲ್ಲವೂ ಬಾಯಿಮಾತಿನಲ್ಲಿ ನಡೆದುಹೋಗಿತ್ತು. ಸಂಸ್ಥೆಯ ಈ ರೂಢಿ ಒಪ್ಪತಕ್ಕದ್ದಲ್ಲ ಎಂದು ಲಾರಿವಿಯೆರ್ ಬಹಿರಂಗವಾಗಿಯೇ ಹೇಳಿದರು. ಹಿಂದಿನವರ ಕಾಲದ ತಪ್ಪನ್ನು ಮುಚ್ಚಿಡದ ಈ ನೇರತನ ಕ್ಯಾಂಪಸ್ಸಿನಲ್ಲಿ ಅವರ ಮೇಲೆ ನಂಬಿಕೆ ಬೆಳೆಸಿತು.

ಅದೇ ವರ್ಷದ ಮೇ ತಿಂಗಳಲ್ಲಿ ಅವರು ಮುಂದಿಟ್ಟ ಯೋಜನೆಯೇ ಮುಂದಿನದಕ್ಕೆಲ್ಲ ಮೂಲ. ಅದರ ಹೆಸರು ‘ಹೊಸ ಸಹಭಾಗಿತ್ವ’. ಲೆಕ್ಕ ಹೀಗಿತ್ತು: ರಾಜ್ಯ ಸರ್ಕಾರ 80 ಕೋಟಿ ಡಾಲರ್ ಮೊತ್ತದ ಬಾಂಡ್ (ಸಾಲಪತ್ರ) ಹೊರಡಿಸಿ ಆ ಹಣವನ್ನು ವಿಶ್ವವಿದ್ಯಾಲಯಕ್ಕೆ ಕೊಡಬೇಕು. ವಿಶ್ವವಿದ್ಯಾಲಯ ದಾನಿಗಳಿಂದ ಇನ್ನೊಂದು 80 ಕೋಟಿ ಕೂಡಿಸುತ್ತದೆ. ಒಟ್ಟು 160 ಕೋಟಿಯ ದತ್ತಿನಿಧಿಯಿಂದ ಬರುವ ಆದಾಯ ಸರ್ಕಾರದ ವಾರ್ಷಿಕ ಅನುದಾನದ ಜಾಗ ತುಂಬುತ್ತದೆ. ಬಾಂಡ್ ತೀರಿಸಲು ಸರ್ಕಾರ ಮೂವತ್ತು ವರ್ಷ ವರ್ಷಕ್ಕೆ ಆರು ಕೋಟಿ ಡಾಲರಿಗೆ ತುಸು ಮೇಲ್ಪಟ್ಟು ಕಟ್ಟುತ್ತದೆ, ಅಂದರೆ ಆಗ ಕೊಡುತ್ತಿದ್ದ ಅನುದಾನದಷ್ಟೇ. ಸರ್ಕಾರಕ್ಕೆ ಖರ್ಚು ಏರುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಪ್ರತಿ ಬಜೆಟ್ಟಿನಲ್ಲೂ ಕೈಚಾಚುವ ಕಷ್ಟ ತಪ್ಪುತ್ತದೆ. ಇದರ ಜೊತೆಗೆ ಇನ್ನೊಂದು ಬೇಡಿಕೆ ಇತ್ತು: ಈ ಒಂದು ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ಆಡಳಿತ ಮಂಡಳಿ ಬೇಕು.

ಹಣದ ಲೆಕ್ಕವನ್ನು ಚರ್ಚಿಸಬಹುದಿತ್ತು. ಬಾಂಡ್ ಬಡ್ಡಿಗಿಂತ ಹೂಡಿಕೆಯ ಲಾಭ ಸದಾ ಹೆಚ್ಚಿರುತ್ತದೆ ಎಂಬ ಭರವಸೆಯ ಮೇಲೆ ನಿಂತಿದ್ದ ಲೆಕ್ಕ ಅದು. 2008ರ ಷೇರುಪೇಟೆಯ ಕುಸಿತವನ್ನು ಕಂಡ ಯಾರಾದರೂ ಅನುಮಾನಿಸುವುದು ಸಹಜವೇ. ಮಂಡಳಿಯ ಮನಸ್ಸು ಹೆಚ್ಚು ಕಹಿಯಾದದ್ದು ಎರಡನೆಯ ಬೇಡಿಕೆಯಿಂದ ಎಂದು ನನ್ನ ತಿಳಿವಳಿಕೆ. ತನ್ನ ಕೆಳಗಿನ ಅಧಿಕಾರಿಯೊಬ್ಬ ಶಾಸನಸಭೆಯ ಮುಂದೆ ಹೋಗಿ ‘ನಮಗೆ ಇವರ ಹಂಗು ಬೇಡ’ ಎನ್ನುವುದನ್ನು ಯಾವ ಮಂಡಳಿ ತಣ್ಣಗೆ ಕೇಳಿಸಿಕೊಳ್ಳುತ್ತದೆ? ಮಂಡಳಿ ಮತ್ತು ಚಾನ್ಸಲರ್ ಜಾರ್ಜ್ ಪರ್ನ್‌ಸ್ಟೈನರ್ ಆಗ ಏಳೂ ಸಂಸ್ಥೆಗಳಿಗೆ ಒಟ್ಟಾಗಿ ಹೆಚ್ಚು ಸ್ವಾಯತ್ತತೆ ತರುವ ಮಸೂದೆಯ ಬೆನ್ನುಹತ್ತಿದ್ದರು. 2011ರಲ್ಲಿ ಅದು ಅಂಗೀಕಾರವಾಯಿತು, ಲಾರಿವಿಯೆರ್ ಅವರ ಯೋಜನೆ ಬದಿಗೆ ಸರಿಯಿತು. ಯಾರದೇ ದೃಷ್ಟಿಯಲ್ಲಿ ನೋಡಿದರೂ ಇಬ್ಬರೂ ಒಂದೇ ಬಾಗಿಲು ತಟ್ಟುತ್ತಿದ್ದರು, ಬೇರೆ ಬೇರೆ ಅರ್ಜಿ ಹಿಡಿದು.

ಇನ್ನು ವೇತನದ ವಿಷಯ. 2011ರಲ್ಲಿ ರಾಜ್ಯದ ಖಜಾನೆ ಸೊರಗಿತ್ತು. ಗವರ್ನರ್ ಜಾನ್ ಕಿಟ್ಜ್‌ಹೇಬರ್ ಸರ್ಕಾರಿ ನೌಕರರ ಸಂಘಗಳೊಂದಿಗೆ ಸಂಬಳದ ಬಗ್ಗೆ ಬಿಗಿಯಾದ ಮಾತುಕತೆ ನಡೆಸುತ್ತಿದ್ದರು. ಎಲ್ಲ ಸಂಸ್ಥೆಗಳೂ ಕೈ ಬಿಗಿಹಿಡಿಯಬೇಕು ಎಂಬುದು ಅವರ ಸೂಚನೆ. ಆ ಹೊತ್ತಿನಲ್ಲಿ ಲಾರಿವಿಯೆರ್ ಬಹುಪಾಲು ಬೋಧಕರಿಗೂ ಆಡಳಿತಾಧಿಕಾರಿಗಳಿಗೂ ವೇತನ ಹೆಚ್ಚಿಸಿದರು. ಅವರ ಸಮರ್ಥನೆ ಹುರುಳಿಲ್ಲದ್ದಲ್ಲ. ಸಮಾನ ದರ್ಜೆಯ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಅಲ್ಲಿನ ಪ್ರಾಧ್ಯಾಪಕರ ಸಂಬಳ ತೀರಾ ಕೆಳಗಿತ್ತು, ಒಳ್ಳೆಯವರು ಬಿಟ್ಟುಹೋಗುವ ಭಯವಿತ್ತು. ಹೆಚ್ಚಳದ ಹಣ ಬಂದದ್ದು ಶುಲ್ಕದಿಂದ, ರಾಜ್ಯದ ಬೊಕ್ಕಸದಿಂದಲ್ಲ. ಆದರೆ ಉಳಿದ ಆರು ಅಧ್ಯಕ್ಷರು ಗವರ್ನರ್ ಮಾತಿಗೆ ಬೆಲೆ ಕೊಟ್ಟು ತಮ್ಮ ಜನರನ್ನು ಸುಮ್ಮನಿರಿಸಿದ್ದರು. ಅವರು ತಮ್ಮ ಬೋಧಕರಿಗೆ ಈಗ ಯಾವ ಮುಖ ತೋರಿಸಬೇಕು? ಗವರ್ನರ್ ನೌಕರರ ಸಂಘಗಳ ಎದುರು ಕುಳಿತು ‘ಹಣವಿಲ್ಲ’ ಎಂದು ಹೇಗೆ ಹೇಳಬೇಕು? ಅಧ್ಯಕ್ಷರು ಸೋತದ್ದು ಈ ವಿಷಯದಲ್ಲಿ ಎಂದೇ ನನಗನಿಸುತ್ತದೆ. ಅವರ ಕಾರಣ ಸರಿಯಿತ್ತು, ಆದರೆ ತನ್ನನ್ನು ಕೆಲಸಕ್ಕಿಟ್ಟವರ ಬೆನ್ನ ಹಿಂದೆ ಮಾಡುವ ಸರಿಯಾದ ಕೆಲಸವೂ ನಂಬಿಕೆಯನ್ನು ಮುರಿಯುತ್ತದೆ.

ಮಂಡಳಿ ಆಗ ಕೈಗೆತ್ತಿಕೊಂಡದ್ದು ಕರಾರನ್ನು. ಇದು ಹೊರಗಿನವರ ಕಣ್ಣಿಗೆ ಬೀಳದ ಘಟ್ಟ. 2011ರಲ್ಲಿ ಲಾರಿವಿಯೆರ್ ಅವರ ಒಪ್ಪಂದ ನವೀಕರಣಕ್ಕೆ ಬಂದಾಗ ಮಂಡಳಿ ಒಂದೇ ವರ್ಷಕ್ಕೆ ಸಹಿ ಹಾಕಿತು, ಷರತ್ತುಗಳನ್ನೂ ಜೋಡಿಸಿತು. ಚಾನ್ಸಲರ್ ಕರೆಯುವ ಅಧ್ಯಕ್ಷರ ಸಭೆಗಳಿಗೆ ತಪ್ಪದೆ ಬರಬೇಕು. ಮಂಡಳಿಯ ಒಪ್ಪಿಗೆಯಿಲ್ಲದೆ ತನ್ನ ಯೋಜನೆಯ ಪರವಾಗಿ ಪ್ರಚಾರ ಮಾಡಬಾರದು. ಅಧ್ಯಕ್ಷರೊಬ್ಬರಿಗೆ ಒಂದು ವರ್ಷದ ಕರಾರು ಎಂದರೆ ಏನು ಎಂಬುದನ್ನು ಯೋಚಿಸಿ ನೋಡಿ. ದೊಡ್ಡ ದಾನ ಕೊಡಲು ಬಂದವರು ‘ಮುಂದಿನ ವರ್ಷ ನೀವು ಇರುತ್ತೀರಾ?’ ಎಂದು ಕೇಳುತ್ತಾರೆ. ಡೀನ್ ಹುದ್ದೆಗೆ ಬೇರೆ ಊರಿನಿಂದ ಬರಬೇಕಾದವರು ಹಿಂಜರಿಯುತ್ತಾರೆ. ಕೆಳಗಿನ ಅಧಿಕಾರಿಗಳು ಕಷ್ಟದ ನಿರ್ಧಾರವನ್ನು ಮುಂದಕ್ಕೆ ತಳ್ಳುತ್ತಾರೆ. ಮೂಗುದಾರ ಹಾಕಿಸಿಕೊಂಡ ಮೇಲೆ ಹೋರಿ ಎಷ್ಟು ಗಟ್ಟಿಮುಟ್ಟಾಗಿದ್ದರೇನು, ಹಗ್ಗ ಎಳೆದತ್ತ ತಿರುಗಲೇಬೇಕು.

ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಇರುವ ಇನ್ನೂ ಕೆಲವು ಅಂಶಗಳನ್ನು ಗಮನಿಸಬೇಕು. ಗಂಭೀರ ತಪ್ಪು ಮಾಡಿದರೆ ವಜಾ ಎಂಬ ಷರತ್ತು ಒಂದು. ಕಾರಣ ತೋರಿಸದೆ, ನೋಟಿಸ್ ಕೊಟ್ಟು ಕಳುಹಿಸಬಹುದು ಎಂಬುದು ಇನ್ನೊಂದು. ಎರಡನೆಯದರಲ್ಲಿ ಪರಿಹಾರದ ಹಣ ಹೆಚ್ಚಿರುತ್ತದೆ, ಆದರೆ ಯಾರೂ ಯಾವುದನ್ನೂ ಸಾಬೀತು ಮಾಡುವ ಗೋಜಿಲ್ಲ. ಮೂರನೆಯದು, ಅಧ್ಯಕ್ಷಗಿರಿ ಹೋದರೂ ಪ್ರಾಧ್ಯಾಪಕರಾಗಿ ವಿಭಾಗಕ್ಕೆ ಮರಳುವ ಹಕ್ಕು. ಮಂಡಳಿ ಮೆಚ್ಚಿಕೊಂಡ ಅಧ್ಯಕ್ಷರಿಗೆ ಒಪ್ಪಂದ ಮುಗಿಯುವ ಮೊದಲೇ ಮತ್ತೆ ಕೆಲವು ವರ್ಷ ವಿಸ್ತರಣೆ ಸಿಗುತ್ತದೆ. ಹಾಗೆ ಸಿಗದೆ ಹೋದರೆ ಕ್ಯಾಂಪಸ್ಸಿನಲ್ಲಿ ಅದನ್ನೇ ಒಂದು ಸೂಚನೆ ಎಂದು ಓದಿಕೊಳ್ಳುತ್ತಾರೆ. ಬೋನಸ್, ಸರ್ಕಾರಿ ಮನೆ, ಕಾರು ಇತ್ಯಾದಿ ಪತ್ರಿಕೆಗಳ ಗಮನ ಸೆಳೆಯುತ್ತವೆ. ಅಧಿಕಾರದ ದೃಷ್ಟಿಯಿಂದ ಅವು ಲೆಕ್ಕಕ್ಕಿಲ್ಲ.

ನವೆಂಬರ್ ಮೂರನೆಯ ವಾರ ಕಳೆದಾಗ ಕರಾರು ಮತ್ತೆ ನವೀಕರಣವಾಗುವುದಿಲ್ಲ ಎಂಬ ಸುದ್ದಿ ಲಾರಿವಿಯೆರ್ ಅವರಿಗೆ ತಲುಪಿತು. ಅವರು ಅದನ್ನು ಗುಟ್ಟಾಗಿಡಲಿಲ್ಲ, ಕ್ಯಾಂಪಸ್ಸಿಗೆಲ್ಲ ಪತ್ರ ಬರೆದು ತಿಳಿಸಿದರು. ಅದು ಅಮೆರಿಕನ್ನರು ಊರಿಗೆ ಹೋಗಿ ಮನೆಮಂದಿಯೊಂದಿಗೆ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ. ತರಗತಿಗಳು ಖಾಲಿಯಾಗುವ ಹೊತ್ತು. ಇಂಥ ವಾರದಲ್ಲಿ ಇಂಥ ಸುದ್ದಿ ಹೊರಬಿದ್ದದ್ದು ಜನರ ಕೋಪಕ್ಕೆ ತುಪ್ಪ ಸುರಿಯಿತು. ಇದೇ ವಿಶ್ವವಿದ್ಯಾಲಯದಲ್ಲಿ ಓದಿದ, ನೈಕಿ ಕಂಪನಿ ಕಟ್ಟಿದ, ಅದರ ಅತಿ ದೊಡ್ಡ ದಾನಿ ಫಿಲ್ ನೈಟ್ ಕಟುವಾದ ಹೇಳಿಕೆ ಕೊಟ್ಟು, ರಾಜ್ಯದ ಅಧಿಕಾರಸ್ಥರು ಸಾಧಾರಣತನವನ್ನು ಅಪ್ಪಿಕೊಳ್ಳುತ್ತಿದ್ದಾರೆ ಎಂದು ದೂರಿದರು. ಶನಿವಾರ ಗವರ್ನರ್ ಮಂಡಳಿಯ ಬೆನ್ನಿಗೆ ನಿಂತರು. ಇದು ಒಂದು ಯೋಜನೆಯ ಮೇಲಿನ ಭಿನ್ನಾಭಿಪ್ರಾಯವಲ್ಲ, ತನಗಾಗಲಿ ಮಂಡಳಿಗಾಗಲಿ ತಿಳಿಸದೆ ವೇತನ ಹೆಚ್ಚಿಸಿ ಉಳಿದೆಲ್ಲ ಸಂಸ್ಥೆಗಳನ್ನು ಇಕ್ಕಟ್ಟಿಗೆ ದೂಡಿದ ನಡವಳಿಕೆಯ ವಿಷಯ ಎಂಬುದು ಅವರ ಮಾತಿನ ಸಾರ. ಸೋಮವಾರ ಮತದಾನ ನಡೆಯಿತು. ಜೂನ್‌ವರೆಗೆ ಕರಾರು ಇದ್ದರೂ ಕಾಯಲಿಲ್ಲ, ಮೂವತ್ತು ದಿನಗಳ ನೋಟಿಸ್ ಕೊಟ್ಟು ಡಿಸೆಂಬರ್ 28ಕ್ಕೆ ಮುಗಿಸಿತು ಮಂಡಳಿ.

ಮಂಡಳಿಗೆ ಹಾಗೆ ಮಾಡುವ ಹಕ್ಕಿತ್ತೇ? ಇತ್ತು. ಅದರ ಬಗ್ಗೆ ನನಗೆ ಸಂದೇಹವಿಲ್ಲ. ಏಳು ಸಂಸ್ಥೆಗಳ ಹೊಣೆ ಹೊತ್ತ ಮಂಡಳಿ, ಒಂದು ಸಂಸ್ಥೆಯ ಅಧ್ಯಕ್ಷ ತನ್ನ ಮಾತು ಕೇಳುವುದಿಲ್ಲ ಎಂದು ಮನಗಂಡರೆ ಕೈಕಟ್ಟಿ ಕೂರಲಾಗದು. ಜನಪ್ರಿಯತೆಯೊಂದೇ ಒಬ್ಬರನ್ನು ಹುದ್ದೆಯಲ್ಲಿ ಉಳಿಸುವುದಾದರೆ ಮಂಡಳಿ ಇದ್ದೂ ಇಲ್ಲದಂತೆ. ನನ್ನ ಆಕ್ಷೇಪ ಇರುವುದು ನಡೆದ ರೀತಿಯ ಮೇಲೆ. ಒರೆಗಾನ್ ಕಾಯ್ದೆಯ ಪ್ರಕಾರ ಸಿಬ್ಬಂದಿಯ ವಿಷಯವನ್ನು ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಬಹುದು, ಆದರೆ ಅಂತಿಮ ತೀರ್ಮಾನ ಬಹಿರಂಗ ಸಭೆಯಲ್ಲೇ ಆಗಬೇಕು. ಸಾರ್ವಜನಿಕರು ಆ ಸೋಮವಾರ ಎದ್ದುನಿಂತು ಮಾತನಾಡಿದರು. ತೀರ್ಮಾನ ಹೋದ ವಾರವೇ ಗಟ್ಟಿಯಾಗಿತ್ತೆಂಬುದು ಆ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಗಿದುಹೋದ ವಿಷಯದ ಮೇಲೆ ಅಹವಾಲು ಕೇಳುವುದು ಕಾನೂನಿನ ಅಕ್ಷರವನ್ನು ಪಾಲಿಸಬಹುದು, ಮಾತನಾಡಲು ಬಂದವರಿಗೆ ಅದು ಅಗೌರವ. ಒಂದು ವರ್ಷದ ಷರತ್ತಿನ ಕರಾರಿಗೆ ಸಹಿ ಹಾಕಿದ ದಿನವೇ ‘ಈ ಕಾರಣಕ್ಕೆ ನಮಗೆ ಅಸಮಾಧಾನವಿದೆ’ ಎಂದು ಮಂಡಳಿ ಬಹಿರಂಗವಾಗಿ ಹೇಳಿದ್ದರೆ ಕ್ಯಾಂಪಸ್ಸಿಗೆ ನವೆಂಬರಿನ ಆಘಾತ ಇರುತ್ತಿರಲಿಲ್ಲ. ಮತದಾನದ ಎರಡು ದಿನಗಳ ನಂತರ ಮಂಡಳಿಯ ಮುಖ್ಯಸ್ಥ ಮ್ಯಾಟ್ ಡೊನೆಗನ್ ಮತ್ತು ಚಾನ್ಸಲರ್ ಯೂಜೀನಿಗೆ ಹೋಗಿ, ಬಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ ನೆರೆದ ವಿಶ್ವವಿದ್ಯಾಲಯದ ಸೆನೆಟ್ ಮತ್ತು ಬೋಧಕರನ್ನು ಎದುರಿಸಿದರು. ಆ ಧೈರ್ಯವನ್ನು ಮೆಚ್ಚಬೇಕು. ಆದರೆ ಆ ಸಭೆ ಆರು ತಿಂಗಳು ಮೊದಲೇ ನಡೆಯಬೇಕಿತ್ತು.

ಕ್ಯಾಂಪಸ್ಸಿನ ಕೂಗಿಗೆ ಬೆಲೆ ಸಿಕ್ಕ ಪ್ರಕರಣವೂ ಇದೆ, ಏಳೇ ತಿಂಗಳ ನಂತರದ್ದು. ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷೆ ತೆರೇಸಾ ಸಲಿವನ್ ಅವರ ಬಳಿಗೆ 2012ರ ಜೂನ್ 8ರಂದು ಮಂಡಳಿಯ ಮುಖ್ಯಸ್ಥೆ ಹೆಲೆನ್ ಡ್ರಾಗಸ್ ಮತ್ತು ಉಪಮುಖ್ಯಸ್ಥರು ಬಂದರು. ಹದಿನಾರು ಸದಸ್ಯರಲ್ಲಿ ಹದಿನೈದು ಜನರ ಬೆಂಬಲ ನಮಗಿದೆ, ರಾಜೀನಾಮೆ ಕೊಡಿ ಎಂದರು. ಜೂನ್ 10, ಭಾನುವಾರ, ರಾಜೀನಾಮೆಯ ಸುದ್ದಿ ಪ್ರಕಟವಾಯಿತು. ಆದರೆ ಆ ಹದಿನೈದು ಜನ ಒಂದೆಡೆ ಕೂತು ಚರ್ಚಿಸಿರಲಿಲ್ಲ, ಮತ ಹಾಕಿರಲಿಲ್ಲ. ವರ್ಜೀನಿಯಾದ ಕಾನೂನಿನಲ್ಲಿ ಮೂವರು ಸದಸ್ಯರು ಸೇರಿ ಕೆಲಸದ ಮಾತನಾಡಿದರೆ ಅದು ಸಭೆ, ಸಾರ್ವಜನಿಕರಿಗೆ ಮೊದಲೇ ತಿಳಿಸಬೇಕು. ಇಲ್ಲಿ ಒಬ್ಬೊಬ್ಬರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ ಒಪ್ಪಿಗೆ ಕಲೆಹಾಕಲಾಗಿತ್ತು. ಬೋಧಕರ ಸೆನೆಟ್ ತಿರುಗಿಬಿತ್ತು, ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಸ್ಥಾಪಕ ಥಾಮಸ್ ಜೆಫರ್ಸನ್ ರೂಪಿಸಿದ ಹುಲ್ಲುಹಾಸಿನ ಮೇಲೆ ನೆರೆದರು, ಉಪಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಜೂನ್ 26ರೊಳಗೆ ಇದನ್ನು ಬಗೆಹರಿಸದಿದ್ದರೆ ನಿಮ್ಮೆಲ್ಲರ ರಾಜೀನಾಮೆ ಕೇಳುತ್ತೇನೆ ಎಂದು ಗವರ್ನರ್ ಬಾಬ್ ಮ್ಯಾಕ್‌ಡಾನಲ್ ಮಂಡಳಿಗೆ ಎಚ್ಚರಿಕೆ ಕೊಟ್ಟರು. ಅದೇ ದಿನ ಮಂಡಳಿ ಸರ್ವಾನುಮತದಿಂದ ಸಲಿವನ್ ಅವರನ್ನು ಮರಳಿ ಕೂರಿಸಿತು. ಅವರು 2018ರವರೆಗೂ ಅಧ್ಯಕ್ಷರಾಗಿದ್ದರು.

ಎರಡೂ ಕಡೆ ಕ್ಯಾಂಪಸ್ ಒಟ್ಟಾಗಿ ಎದ್ದಿತ್ತು, ಎರಡೂ ಕಡೆ ದಾನಿಗಳು ಸಿಟ್ಟಾಗಿದ್ದರು. ಫಲಿತಾಂಶ ಮಾತ್ರ ಬೇರೆ. ವರ್ಜೀನಿಯಾದಲ್ಲಿ ಗವರ್ನರ್ ಮಂಡಳಿಯಿಂದ ದೂರ ನಿಂತರು, ಒರೆಗಾನ್‌ನಲ್ಲಿ ಮಂಡಳಿಯ ಜೊತೆ ನಿಂತರು. ವರ್ಜೀನಿಯಾದಲ್ಲಿ ಒಪ್ಪಿಗೆ ತೋರಿಕೆಯದಾಗಿದ್ದರಿಂದ ಒತ್ತಡ ಬಿದ್ದೊಡನೆ ಬಿರುಕು ಬಿಟ್ಟಿತು, ಒರೆಗಾನ್‌ನಲ್ಲಿ ಮಂಡಳಿ ನಿಜವಾಗಿಯೂ ಒಂದಾಗಿತ್ತು. ಮನವಿಗೆ ಸಹಿ ಹಾಕಿದವರ ಸಂಖ್ಯೆಗಿಂತ ಈ ಎರಡು ಸಂಗತಿಗಳೇ ಹೆಚ್ಚು ತೂಗಿದವು. ಮತ್ತೊಂದು ಮಾತು: ಸಲಿವನ್ ಮಂಡಳಿಯ ಯಾವ ಸೂಚನೆಯನ್ನೂ ಮೀರಿದವರಾಗಿರಲಿಲ್ಲ. ಅವರ ಮೇಲಿದ್ದ ದೂರು ನಿಧಾನವಾಗಿ ನಡೆಯುತ್ತಾರೆ ಎಂಬುದು.

ಯೂಜೀನಿನಲ್ಲಿ ಹಂಗಾಮಿ ಅಧ್ಯಕ್ಷರಾಗಿ ಬಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಹಿಂದಿನ ಮುಖ್ಯಸ್ಥ ರಾಬರ್ಟ್ ಬರ್ಡಾಲ್. ವಜಾ ಕ್ರಮವನ್ನು ಬಹಿರಂಗವಾಗಿ ಟೀಕಿಸಿದ್ದವರನ್ನೇ ಮಂಡಳಿ ಆರಿಸಿತು. ಕ್ಯಾಂಪಸ್ಸಿನ ನೋವಿಗೆ ಅದು ಸರಿಯಾದ ಮದ್ದೇ ಆಗಿತ್ತು. ಲಾರಿವಿಯೆರ್ 2012ರಲ್ಲಿ ಶಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ ಮುಖ್ಯಸ್ಥರಾದರು.

ಅವರು ಬೇಡಿದ್ದು ಅವರು ಹೋದ ಮೇಲೆ ಸಿಕ್ಕಿತು. 2013ರಲ್ಲಿ ಒರೆಗಾನ್ ಶಾಸನಸಭೆ ದೊಡ್ಡ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ಮಂಡಳಿ ಕೊಡುವ ಕಾಯ್ದೆ ಮಾಡಿತು. ವೇತನದ ವಿಷಯದಲ್ಲಿ ಲಾರಿವಿಯೆರ್ ಅವರ ವಿರುದ್ಧ ಹೇಳಿಕೆ ಕೊಟ್ಟಿದ್ದ ಕಿಟ್ಜ್‌ಹೇಬರ್ ಅವರೇ ಅದಕ್ಕೆ ಸಹಿ ಹಾಕಿದರು. 2014ರ ಜುಲೈ 1ರಂದು ಒರೆಗಾನ್ ವಿಶ್ವವಿದ್ಯಾಲಯದ ಸ್ವಂತ ಮಂಡಳಿ ಅಧಿಕಾರ ವಹಿಸಿಕೊಂಡಿತು. ಅದಾದ ಮೇಲೆ ಏಳು ಸಂಸ್ಥೆಗಳ ಹಳೆಯ ಮಂಡಳಿಯೇ ಇಲ್ಲವಾಯಿತು. 160 ಕೋಟಿಯ ದತ್ತಿನಿಧಿಯ ಯೋಜನೆ ಮಾತ್ರ ಎಂದೂ ಜಾರಿಗೆ ಬರಲಿಲ್ಲ.

ಸ್ವಂತ ಮಂಡಳಿ ಬಂದರೆ ಅಧ್ಯಕ್ಷರ ಕುರ್ಚಿ ಭದ್ರವಾಗುತ್ತದೆ ಎಂದು 2011ರಲ್ಲಿ ನಂಬಿದವರು ಬಹಳ ಜನ. ಹೊಸ ಮಂಡಳಿ ಬಂದು ಐದೇ ವಾರಗಳಲ್ಲಿ, 2014ರ ಆಗಸ್ಟ್ ಮೊದಲ ವಾರ, 2012ರಲ್ಲಿ ನೇಮಕವಾಗಿದ್ದ ಅಧ್ಯಕ್ಷ ಮೈಕೆಲ್ ಗಾಟ್‌ಫ್ರೆಡ್ಸನ್ ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟರು. ಮಂಡಳಿ ಅವರಿಗೆ 9 ಲಕ್ಷ 40 ಸಾವಿರ ಡಾಲರ್ ಕೊಟ್ಟು ಬೀಳ್ಕೊಟ್ಟಿತು. ಏಕೆ ಹೋದರು ಎಂಬುದಕ್ಕೆ ಕ್ಯಾಂಪಸ್ಸಿಗೆ ನೇರವಾದ ಉತ್ತರ ಸಿಗಲಿಲ್ಲ. ಈ ಬಾರಿ ಟೋಪಿ ಹಾಕಿಕೊಂಡು ಸಭೆಗೆ ಬರಲು ಯಾರಿಗೂ ಸಮಯವಿರಲಿಲ್ಲ. ಮಂಡಳಿ ಹತ್ತಿರ ಬಂದಿತ್ತು, ಹೀಗಾಗಿ ಅದರ ಕೈಯೂ ಬೇಗ ತಲುಪುತ್ತಿತ್ತು. ರಾಜ್ಯದ ಹಣ ಕಡಿಮೆಯಾದಷ್ಟೂ ದಾನಿಗಳ ಮಾತಿನ ತೂಕ ಹೆಚ್ಚುತ್ತದೆ. ಫಿಲ್ ನೈಟ್ ಮತ್ತು ಅವರ ಪತ್ನಿ 2016ರಲ್ಲಿ ಹೊಸ ವಿಜ್ಞಾನ ಸಂಕೀರ್ಣಕ್ಕೆ 50 ಕೋಟಿ ಡಾಲರ್, 2021ರಲ್ಲಿ ಇನ್ನೊಂದು 50 ಕೋಟಿ ಡಾಲರ್ ಘೋಷಿಸಿದರು. ಆ ಹಣದಿಂದ ಎದ್ದ ಪ್ರಯೋಗಾಲಯಗಳಲ್ಲಿ ಒಳ್ಳೆಯ ಕೆಲಸ ನಡೆಯುತ್ತಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಇಷ್ಟು ದೊಡ್ಡ ದಾನಿಯ ಇಷ್ಟಾನಿಷ್ಟವನ್ನು ಲೆಕ್ಕಿಸದೆ ಮುಂದಿನ ಅಧ್ಯಕ್ಷರ ಕರಾರಿಗೆ ಸಹಿ ಹಾಕಲು ಮಂಡಳಿಗೆ ಸಾಧ್ಯವೇ ಎಂಬ ಪ್ರಶ್ನೆ ಯೂಜೀನಿನ ಬೋಧಕರು ಇಂದಿಗೂ ಕೇಳಬೇಕಾದದ್ದು. ಆ ಕರಾರು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಿ ಪಡೆದು ಓದಬಹುದು. ಎಷ್ಟು ವರ್ಷಕ್ಕೆ, ಯಾವ ಷರತ್ತಿಗೆ, ಕಾರಣವಿಲ್ಲದೆ ಕಳುಹಿಸಿದರೆ ಎಷ್ಟು ಹಣ ಎಂಬ ಮೂರು ಸಾಲುಗಳನ್ನು ಅಲ್ಲಿ ಮೊದಲು ನೋಡಬೇಕು.